ನಾಡು: ಪದದ ಮೂಲ ಮತ್ತು ಅರ್ಥವಿಕಾಸ

ಕನ್ನಡಿಗರ ನಿತ್ಯವ್ಯವಹಾರದಲ್ಲಿ ‘ನಾಡು’ ಎಂಬ ಪದಕ್ಕಿರುವಷ್ಟು ವ್ಯಾಪಕವಾದ ಬಳಕೆ ಭೂಮಿಗೆ ಸಂಬಂಧಿಸಿದ ಇತರ ಪದಗಳಿಗೆ ವಿರಳ. ಮಲೆನಾಡು, ತುಳುನಾಡು ಎಂಬಲ್ಲಿ ಅದು ಒಂದು ಪ್ರದೇಶದ ಹೆಸರು. ನಾಡಹಬ್ಬ, ನಾಡಗೀತೆ ಎಂಬಲ್ಲಿ ಇಡೀ ರಾಜ್ಯಕ್ಕೆ ಸಲ್ಲುವ ಪದ. ನಾಡಕಚೇರಿ ಎಂದಾಗ ಅದರ ವ್ಯಾಪ್ತಿ ಒಂದು ಹೋಬಳಿಗೆ ಇಳಿಯುತ್ತದೆ. ಆನೆ ಕಾಡಿನಿಂದ ನಾಡಿಗೆ ಬಂದಿತು ಎಂಬ ಮಾತಿನಲ್ಲಿ ಅದಕ್ಕೆ ಯಾವ ಎಲ್ಲೆಯೂ ಇಲ್ಲ. ಜನರಿರುವ ನೆಲವೆಲ್ಲವೂ ಅಲ್ಲಿ ನಾಡೇ. ನಾಡಿಗ, ನಾಡಗೌಡ ಎಂಬ ಮನೆತನದ ಹೆಸರುಗಳಲ್ಲಿ ಅದು ಒಂದು ಕಾಲದ ಅಧಿಕಾರವನ್ನು ನೆನಪಿಗೆ ತರುತ್ತದೆ. ಒಂದೇ ಪದ ಒಮ್ಮೆ ಹತ್ತಾರು ಹಳ್ಳಿಗಳನ್ನೂ ಮತ್ತೊಮ್ಮೆ ಎರಡು ಮಹಾನದಿಗಳ ನಡುವಿನ ಭೂಭಾಗವನ್ನೂ ಸೂಚಿಸುವುದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಶಾಸನಗಳನ್ನು ಓದುವವರು ಸಾಮಾನ್ಯವಾಗಿ ‘ನಾಡು’ ಎಂಬುದನ್ನು ಅರಸರು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಒಂದು ವಿಭಾಗವೆಂದು ಭಾವಿಸುತ್ತಾರೆ. ರಾಜ್ಯವನ್ನು ಮಂಡಲಗಳಾಗಿ, ಮಂಡಲವನ್ನು ನಾಡುಗಳಾಗಿ, ನಾಡನ್ನು ಊರುಗಳಾಗಿ ವಿಭಜಿಸಿದರೆಂದು ಪಠ್ಯಪುಸ್ತಕಗಳೂ ಬರೆಯುತ್ತವೆ. ಮೇಲಿನಿಂದ ಕೆಳಕ್ಕೆ ಇಳಿಯುವ ಈ ವಿವರಣೆ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಪದದ ಮೂಲವನ್ನೂ ಅದರ ಪ್ರಯೋಗಗಳನ್ನೂ ಒಟ್ಟಾಗಿ ಪರಿಶೀಲಿಸಿದರೆ ನಡೆದುದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ನಾಡು ಅರಸನಿಂದ ಹುಟ್ಟಿದ್ದಲ್ಲ. ಅರಸನು ಬರುವ ಮೊದಲೇ ಅದು ಇದ್ದಿತು.

ಮೊದಲು ಪದದ ರೂಪವನ್ನು ನೋಡಬಹುದು. ನಾಡು ಅಚ್ಚ ದ್ರಾವಿಡ ಶಬ್ದ. ಕನ್ನಡ, ತಮಿಳು, ಮಲಯಾಳ, ತುಳು, ಕೊಡವ, ತೆಲುಗು ಭಾಷೆಗಳಲ್ಲಿ ಅದು ಹೆಚ್ಚುಕಡಮೆ ಒಂದೇ ರೂಪದಲ್ಲಿದೆ. ನೀಲಗಿರಿಯ ಕೋತ, ತೋಡ ಭಾಷೆಗಳಲ್ಲಿಯೂ ಅದರ ರೂಪಾಂತರಗಳು ದೊರೆಯುತ್ತವೆ. ಬರೋ ಮತ್ತು ಎಮೆನೊ ಅವರು ೧೯೬೧ರಲ್ಲಿ ಪ್ರಕಟಿಸಿ, ೧೯೮೪ರಲ್ಲಿ ಪರಿಷ್ಕರಿಸಿದ ದ್ರಾವಿಡ ಜ್ಞಾತಿಪದ ನಿಘಂಟಿನಲ್ಲಿ ಈ ಪದಕ್ಕೆ ದೇಶ, ಜಿಲ್ಲೆ, ರಾಜ್ಯ ಎಂಬ ಅರ್ಥಗಳ ಜೊತೆಗೆ ಸಾಗುವಳಿಯ ನೆಲ ಎಂಬ ಅರ್ಥವೂ ದಾಖಲಾಗಿದೆ. ಈ ಅರ್ಥವು ಒಂದೇ ಭಾಷೆಗೆ ಸೀಮಿತವಾಗಿಲ್ಲ. ಕನ್ನಡ, ತಮಿಳು, ಮಲಯಾಳಗಳಲ್ಲಿ ಅದು ಸಮಾನವಾಗಿದೆ. ಆದುದರಿಂದ ಅದು ಈ ಭಾಷೆಗಳು ಕವಲೊಡೆಯುವ ಮೊದಲಿನ ಹಳೆಯ ಪದರಕ್ಕೆ ಸೇರಿದುದೆಂದು ಊಹಿಸಲು ಆಧಾರವಿದೆ.

ಕನ್ನಡದಲ್ಲಿ ಈ ಹಳೆಯ ಅರ್ಥ ಇಂದಿಗೂ ಜೀವಂತವಾಗಿರುವುದು ‘ಕಾಡು–ನಾಡು’ ಎಂಬ ಜೋಡಿಯಲ್ಲಿ. ಕಾಡು ತಾನಾಗಿ ಬೆಳೆದದ್ದು. ನಾಡು ಮನುಷ್ಯನ ಕೈಯಿಂದ ಆದದ್ದು. ಈ ವಿರೋಧದಲ್ಲಿ ಅರಸನ ಮಾತಾಗಲಿ ಕಂದಾಯದ ಮಾತಾಗಲಿ ಇಲ್ಲ. ಉತ್ತ ನೆಲ ಮತ್ತು ಉಳದ ನೆಲ ಎಂಬ ಭೇದವೊಂದೇ ಅಲ್ಲಿರುವುದು.

ಇನ್ನು ವ್ಯುತ್ಪತ್ತಿ. ಹಳಗನ್ನಡದಲ್ಲಿ ‘ನಡು’ ಎಂಬ ಧಾತುವಿದೆ. ಊರು, ನಾಟಿಕೊಳ್ಳು, ಗಿಡವನ್ನು ನೆಲದಲ್ಲಿ ಸ್ಥಿರಗೊಳಿಸು ಎಂದು ಅದರ ಅರ್ಥ. ಹೊಸಗನ್ನಡದ ‘ನೆಡು’, ‘ನಾಟು’ ಎಂಬ ಕ್ರಿಯಾಪದಗಳೂ ಭತ್ತದ ‘ನಾಟಿ’ ಎಂಬ ನಾಮಪದವೂ ಇದರ ಬಳಗಕ್ಕೆ ಸೇರಿದವು. ಕನ್ನಡದಲ್ಲಿ ಧಾತುವಿನ ಮೊದಲ ಸ್ವರವನ್ನು ದೀರ್ಘಗೊಳಿಸಿ ನಾಮಪದವನ್ನು ಸಾಧಿಸುವ ಕ್ರಮ ಪ್ರಸಿದ್ಧವಾದುದು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು, ಬಿಡು ಎಂಬುದರಿಂದ ಬೀಡು ಆಗಿವೆ. ಇದೇ ಜಾಡಿನಲ್ಲಿ ನಡು ಎಂಬುದರಿಂದ ನಾಡು ಆಯಿತೆಂದು ಹೇಳುವುದು ಭಾಷಾನಿಯಮಕ್ಕೆ ಒಪ್ಪುವ ವಿವರಣೆ. ಜ್ಞಾತಿಪದ ನಿಘಂಟು ಈ ಎರಡು ಪದಗಳನ್ನು ಬೇರೆ ಬೇರೆ ನಮೂದುಗಳಲ್ಲಿ ಇರಿಸಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಆದರೂ ರೂಪಸಾಮ್ಯದ ಜೊತೆಗೆ ಸಾಗುವಳಿಯ ನೆಲವೆಂಬ ಅರ್ಥಸಾಮ್ಯವೂ ಇರುವುದರಿಂದ ಈ ಸಂಬಂಧವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹಾಗಾದರೆ ನಾಡು ಎಂದರೆ ನೆಟ್ಟ ನೆಲ. ಬೆಳೆಯನ್ನು ನೆಟ್ಟು, ಅದರೊಡನೆ ಮನುಷ್ಯನು ತಾನೂ ನೆಲೆನಿಂತ ಸ್ಥಳ.

ಮೇಲೆ ಹೇಳಿದ ‘ಬೀಡು’ ಎಂಬ ಪದವನ್ನು ಇದರೊಡನೆ ಹೋಲಿಸಿ ನೋಡುವುದು ಪ್ರಯೋಜನಕರ. ಬಿಡಾರ ಬಿಡುವ ಸ್ಥಳ ಬೀಡು. ಸೈನ್ಯ ತಂಗಿದ ಎಡೆ ಬೀಡು. ಅರಸನ ರಾಜಧಾನಿಯನ್ನು ಶಾಸನಗಳು ‘ನೆಲೆವೀಡು’ ಎನ್ನುತ್ತವೆ. ಚಾಲುಕ್ಯ ಚಕ್ರವರ್ತಿಗಳ ನೆಲೆವೀಡು ಕಲ್ಯಾಣ ಎಂಬ ಒಕ್ಕಣೆ ನೂರಾರು ಶಾಸನಗಳಲ್ಲಿ ದೊರೆಯುತ್ತದೆ. ಬೀಡು ಕಿತ್ತು ಮತ್ತೊಂದೆಡೆಗೆ ಹೋಗಬಲ್ಲದು. ನೆಟ್ಟದ್ದು ಹಾಗೆ ಹೋಗಲಾರದು. ಅರಸನಿಗೆ ಬೀಡು, ಒಕ್ಕಲಿಗೆ ನಾಡು ಎಂಬ ಈ ಭೇದವನ್ನು ಭಾಷೆ ತನ್ನ ಒಡಲಿನಲ್ಲಿಯೇ ಇಟ್ಟುಕೊಂಡಿದೆ.

ಪ್ರಾಚೀನ ನಾಡುಗಳ ಹೆಸರುಗಳೂ ಈ ಅರ್ಥವನ್ನೇ ಸಮರ್ಥಿಸುತ್ತವೆ. ಇಂದಿನ ಗದಗ, ಧಾರವಾಡ, ಕೊಪ್ಪಳ ಜಿಲ್ಲೆಗಳ ಭಾಗಗಳನ್ನೊಳಗೊಂಡಿದ್ದ ಬೆಳ್ವೊಲ ೩೦೦ ಎಂಬ ನಾಡಿನ ಹೆಸರಿನಲ್ಲಿ ‘ಪೊಲ’ ಅಂದರೆ ಹೊಲವಿದೆ. ಬೆಳೆಯ ಹೊಲವೆಂದು ವಿದ್ವಾಂಸರು ಅದನ್ನು ಅರ್ಥೈಸಿದ್ದಾರೆ. ಪಟ್ಟದಕಲ್ಲಿನ ಸುತ್ತಲಿನ ನಾಡಿನ ಹೆಸರು ಇನ್ನೂ ಕುತೂಹಲಕರವಾದುದು. ಅದು ಕಿಸುಕಾಡು ೭೦. ‘ಕಿಸು’ ಎಂದರೆ ಕೆಂಪು. ಕೆಂಪು ನೆಲದ ಕಾಡೊಂದು ಕಾಲಕ್ರಮದಲ್ಲಿ ಎಪ್ಪತ್ತು ಎಂಬ ಸಂಖ್ಯೆಯನ್ನು ಹೊತ್ತ ನಾಡಾಗಿ ಮಾರ್ಪಟ್ಟಿತು. ಆದರೆ ಹೆಸರಿನಲ್ಲಿ ಕಾಡು ಉಳಿಯಿತು. ಕಾಡು ಕಡಿದು ನಾಡು ಮಾಡಿದ ಚರಿತ್ರೆಯನ್ನು ಒಂದೇ ಪದದಲ್ಲಿ ಹೇಳುವ ಇಂತಹ ಹೆಸರುಗಳು ಶಾಸನಗಳಷ್ಟೇ ಬೆಲೆಯುಳ್ಳ ಸಾಕ್ಷಿಗಳು.

ಕನ್ನಡದಲ್ಲಿ ಈ ಪದದ ಲಿಖಿತ ಪ್ರಯೋಗ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಉತ್ತರ ನೇರವಾಗಿದೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಸುಮಾರು ಕ್ರಿ. ಶ. ೪೫೦ರದೆಂದು ಬಹುಮಟ್ಟಿಗೆ ಅಂಗೀಕೃತವಾಗಿದೆ. ಕದಂಬರ ಕಾಲದ ಆ ಶಾಸನದಲ್ಲಿ ನರಿದಾವಿಳೆ ಎಂಬ ನಾಡಿನ ಉಲ್ಲೇಖವಿದ್ದು, ಅಲ್ಲಿಯ ಅಧಿಕಾರಿಗಳಾದ ಮೃಗೇಶ ಮತ್ತು ನಾಗೇಂದ್ರರ ಹೆಸರುಗಳು ಬಂದಿವೆ. ಕನ್ನಡದ ಪ್ರಥಮ ದೀರ್ಘ ಶಾಸನವೆಂದು ಹೆಸರಾದ ಬರಹದಲ್ಲಿಯೇ ‘ನಾಡು’ ಕಾಣಿಸಿಕೊಂಡಿರುವುದು ಗಮನಾರ್ಹ. ಅದಕ್ಕಿಂತಲೂ ಗಮನಾರ್ಹವಾದುದು ಅಲ್ಲಿ ಅದು ಬಂದಿರುವ ರೀತಿ. ಶಾಸನದ ಬಹುಭಾಗದಲ್ಲಿ ಸಂಸ್ಕೃತ ಶಬ್ದಗಳೂ ಸಮಾಸಗಳೂ ತುಂಬಿದ್ದರೂ ಸ್ಥಳವನ್ನು ಹೇಳುವಾಗ ಬರೆದವನು ವಿಷಯ, ಆಹಾರ, ರಾಷ್ಟ್ರ ಮೊದಲಾದ ಪದಗಳನ್ನು ಹುಡುಕಲಿಲ್ಲ. ಜನರ ಬಾಯಲ್ಲಿದ್ದ ನಾಡು ಅವನ ಲೇಖನಿಗೂ ಬಂದಿತು.

ಅದೇ ಹೊತ್ತಿಗೆ ಪ್ರದೇಶವಿಭಾಗಗಳಿಗೆ ರಾಜಾಸ್ಥಾನಗಳು ಬಳಸುತ್ತಿದ್ದ ಪದಗಳು ಬೇರೆಯಾಗಿದ್ದವು. ಬಳ್ಳಾರಿಯ ಸುತ್ತಲಿನ ಪ್ರದೇಶವನ್ನು ಸಾತವಾಹನರ ಕಾಲದ ಮ್ಯಾಕದೋಣಿ ಶಾಸನವು ಸಾತವಾಹನಿಹಾರವೆಂದು ಕರೆದರೆ, ಪಲ್ಲವ ಶಿವಸ್ಕಂದವರ್ಮನ ಹಿರೇಹಡಗಲಿ ತಾಮ್ರಶಾಸನವು ಸಾತಾಹನಿರಟ್ಠವೆಂದು ಕರೆದಿದೆ. ಈ ಹೆಸರು ಹುಟ್ಟಿದ್ದು ಆಳುವ ವಂಶದಿಂದ. ವಂಶ ಅಳಿದ ಮೇಲೆ ಹೆಸರೂ ಅಳಿಯಿತು. ನೆಲದ ಗುಣದಿಂದ ಬಂದ ಬೆಳ್ವೊಲವಾಗಲಿ ಕಿಸುಕಾಡಾಗಲಿ ಹಾಗೆ ಅಳಿಯಲಿಲ್ಲ.

ನಾಡು ಎಂಬ ದೇಶ್ಯಪದ ಸಂಸ್ಕೃತದ ಬಾಯಲ್ಲಿ ‘ನಾಟ’ ಎಂದಾಯಿತು. ಕಪಿಲಾ–ಕಾವೇರಿ ನದಿಗಳ ಪ್ರದೇಶದಲ್ಲಿದ್ದ ಪ್ರಾಚೀನ ಪುನ್ನಾಡು ಸಂಸ್ಕೃತ ಶಾಸನಗಳಲ್ಲಿ ಪುನ್ನಾಟವಾಗಿದೆ. ಕ್ರಿ. ಶ. ೨ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಬೆರಿಲ್ ಎಂಬ ರತ್ನ ದೊರೆಯುವ ಪೌನ್ನಾಟವನ್ನು ಹೆಸರಿಸಿದ್ದಾನೆ. ಅದು ಈ ಪುನ್ನಾಡೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಹಾಗಿದ್ದಲ್ಲಿ ಹಲ್ಮಿಡಿಗಿಂತ ಮೂರು ಶತಮಾನಗಳಷ್ಟು ಹಿಂದೆಯೇ ಈ ಪದ ಸಮುದ್ರ ದಾಟಿ ಪರದೇಶದ ಗ್ರಂಥವನ್ನು ಸೇರಿತ್ತು. ಮಹಾಭಾರತದಲ್ಲಿಯೂ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಬರುವ ‘ಕರ್ಣಾಟ’ ಎಂಬ ಹೆಸರಿನ ಉತ್ತರಾರ್ಧವೂ ಇದೇ ನಾಡೆಂಬುದು ಬಹುಜನಸಮ್ಮತವಾದ ಅಭಿಪ್ರಾಯ. ಪೂರ್ವಾರ್ಧದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ‘ಕರು’ ಎಂದರೆ ಎತ್ತರ, ಆದುದರಿಂದ ಎತ್ತರದ ನಾಡು ಎಂದು ಕೆಲವರು, ‘ಕರಿ’ ಎಂದರೆ ಕಪ್ಪು, ಆದುದರಿಂದ ಎರೆಮಣ್ಣಿನ ನಾಡು ಎಂದು ಇನ್ನು ಕೆಲವರು ಹೇಳಿದ್ದಾರೆ. ಶಂ. ಬಾ. ಜೋಶಿಯವರು ಇದರ ಮೂಲವನ್ನು ಜನವರ್ಗದ ಹೆಸರಿನಲ್ಲಿ ಅರಸಿದರು. ಎತ್ತರವಾಗಲಿ ಎರೆಮಣ್ಣಾಗಲಿ ಜನವರ್ಗವಾಗಲಿ, ಮೂರು ವಾದಗಳಲ್ಲಿಯೂ ನಾಡಿಗೆ ಹೆಸರು ಬಂದಿರುವುದು ನೆಲದಿಂದ ಇಲ್ಲವೆ ಜನರಿಂದಲೇ ಹೊರತು ಅರಸುವಂಶದಿಂದಲ್ಲ.

ಸಣ್ಣ ಪ್ರದೇಶದ ಹೆಸರಾಗಿದ್ದ ಪದ ವಿಶಾಲ ಭೂಭಾಗಕ್ಕೆ ಹಬ್ಬಿದ ಹಂತವನ್ನು ಕವಿರಾಜಮಾರ್ಗ ತೋರಿಸುತ್ತದೆ. ೯ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಆ ಗ್ರಂಥವು ಕಾವೇರಿಯಿಂದ ಗೋದಾವರಿಯವರೆಗಿನ ಭೂಮಿಯನ್ನು ‘ನಾಡು’ ಎಂದಿದೆ. ಅದೇ ಪದ್ಯದಲ್ಲಿ ‘ಜನಪದ’, ‘ವಿಷಯ’ ಎಂಬ ಸಂಸ್ಕೃತ ಪದಗಳೂ ಬಂದಿವೆ. ನೃಪತುಂಗನ ಸಾಮ್ರಾಜ್ಯದ ಎಲ್ಲೆ ಗೋದಾವರಿಯನ್ನು ದಾಟಿ ಬಹುದೂರ ಹಬ್ಬಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಆದರೂ ಗ್ರಂಥಕಾರನು ನಾಡಿನ ಎಲ್ಲೆಯನ್ನು ಸಾಮ್ರಾಜ್ಯದ ಎಲ್ಲೆಯೊಡನೆ ಬೆರೆಸಲಿಲ್ಲ. ಅವನು ಗುರುತಿಸಿದ್ದು ಕನ್ನಡದಲ್ಲಿ ನೆಲೆಗೊಂಡ ಜನರಿರುವ ನೆಲವನ್ನು. ಅದರೊಳಗೂ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಭಾಗವನ್ನು ಕನ್ನಡದ ತಿರುಳೆಂದು ಅವನು ಎತ್ತಿಹೇಳಿದ್ದಾನೆ. ರಾಜ್ಯ ಬೇರೆ, ನಾಡು ಬೇರೆ ಎಂಬ ವಿವೇಕ ಆ ಕಾಲಕ್ಕೇ ಸ್ಪಷ್ಟವಾಗಿತ್ತೆನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಶಾಸನಗಳಲ್ಲಿ ನಾಡುಗಳ ಹೆಸರಿಗೆ ಅಂಟಿಕೊಂಡು ಬರುವ ಸಂಖ್ಯೆಗಳ ವಿಷಯವನ್ನೂ ಇಲ್ಲಿ ವಿವೇಚಿಸಬೇಕು. ಗಂಗವಾಡಿ ೯೬೦೦೦, ನೊಳಂಬವಾಡಿ ೩೨೦೦೦, ಬನವಾಸಿ ೧೨೦೦೦, ತರ್ದವಾಡಿ ೧೦೦೦, ಪಾನುಂಗಲ್ಲು ೫೦೦, ಪುಲಿಗೆರೆ ೩೦೦, ನಾಗರಖಂಡ ೭೦ ಮೊದಲಾದುವು ಸುಪರಿಚಿತವಾದವು. ಎಪ್ಪತ್ತು, ಮುನ್ನೂರು ಎಂಬ ಸಣ್ಣ ಸಂಖ್ಯೆಗಳು ಹಳ್ಳಿಗಳ ಎಣಿಕೆಯೆಂದು ಒಪ್ಪುವುದು ಕಷ್ಟವಲ್ಲ. ಆದರೆ ಗಂಗವಾಡಿಯೊಂದರಲ್ಲಿಯೇ ತೊಂಬತ್ತಾರು ಸಾವಿರ ಹಳ್ಳಿಗಳಿದ್ದುವೆಂಬುದು ಸಂಭಾವ್ಯವಲ್ಲ. ೨೦೧೧ರ ಜನಗಣತಿಯಂತೆ ಇಡೀ ಕರ್ನಾಟಕದ ಗ್ರಾಮಗಳ ಸಂಖ್ಯೆಯೇ ೨೯ ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಆದುದರಿಂದ ದೊಡ್ಡ ಸಂಖ್ಯೆಗಳು ಆದಾಯವನ್ನೋ ಉತ್ಪನ್ನವನ್ನೋ ಸೂಚಿಸುತ್ತವೆಂದು ವಿದ್ವಾಂಸರು ಊಹಿಸಿದ್ದಾರೆ. ಯಾವ ಅಭಿಪ್ರಾಯವನ್ನು ಸ್ವೀಕರಿಸಿದರೂ ಒಂದು ಅಂಶ ಮಾತ್ರ ಉಳಿಯುತ್ತದೆ. ನಾಡಿನ ಅಳತೆಯೆಂದರೆ ಕೇವಲ ನೆಲದ ವಿಸ್ತಾರವಲ್ಲ. ನೆಲದ ಮೇಲೆ ನೆಲಸಿದ ಊರುಗಳು ಅಥವಾ ನೆಲದಿಂದ ಬಂದ ಫಲ. ಬರಿಯ ಕಾಡನ್ನು ಹೀಗೆ ಎಣಿಸಲಾಗದು.

ನಾಡು ನೆಲವನ್ನಷ್ಟೇ ಅಲ್ಲದೆ ಜನರನ್ನೂ ಸೂಚಿಸುತ್ತಿತ್ತು. ನಾಡಿನ ಮುಖ್ಯಸ್ಥನಿಗೆ ‘ನಾಳ್ಗಾವುಂಡ’ನೆಂದು ಹೆಸರು. ನಾಡ್ ಎಂಬುದರ ಡಕಾರ ಳಕಾರವಾಗಿ ನಾಳ್ ಎಂದಾಗಿದೆ. ‘ನಾಳ್ಪ್ರಭು’ ಎಂಬ ರೂಪವೂ ಇದೇ ರೀತಿಯದು. ಈ ಅಧಿಕಾರ ಸಾಮಾನ್ಯವಾಗಿ ಮನೆತನದಲ್ಲಿ ಸಾಗುತ್ತಿತ್ತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ೧೦ನೆಯ ಶತಮಾನದ ಆದಿಭಾಗದ ಅಪೂರ್ವ ಸಂಗತಿಯನ್ನು ದಾಖಲಿಸಿದೆ. ನಾಗರಖಂಡ ೭೦ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಸಂದಿತು. ಜಿನಭಕ್ತೆಯಾಗಿದ್ದ ಆಕೆ ನಾಡನ್ನು ಸಮರ್ಥವಾಗಿ ಆಳಿ, ಕೊನೆಗೆ ಮಗಳಿಗೆ ಅಧಿಕಾರವನ್ನೊಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. ರಾಷ್ಟ್ರಕೂಟ ಚಕ್ರವರ್ತಿಗಳ ಕಾಲದಲ್ಲಿಯೇ ನಾಡೊಂದು ಹೆಣ್ಣುಮಗಳನ್ನು ತನ್ನ ಮುಖ್ಯಸ್ಥೆಯೆಂದು ಕಂಡಿತೆಂಬುದು ನಾಡಿನ ಒಳಗಿನ ಬದುಕಿಗೆ ಇದ್ದ ಸತ್ತ್ವವನ್ನು ತೋರಿಸುತ್ತದೆ.

ಊರಿನ ಹಾಗೆಯೇ ನಾಡೂ ಸಭೆ ಸೇರುತ್ತಿತ್ತು. ಆ ಸಭೆಯ ಹೆಸರೂ ‘ನಾಡು’ ಎಂದೇ. ದಾನ ಕೊಡುವಾಗ, ತೆರಿಗೆಯನ್ನು ಬಿಡುವಾಗ, ದೇವಾಲಯಕ್ಕೆ ವ್ಯವಸ್ಥೆ ಮಾಡುವಾಗ ನಾಡು ನೆರೆಯಿತೆಂಬ ಉಲ್ಲೇಖಗಳು ಶಾಸನಗಳಲ್ಲಿವೆ. ವರ್ತಕರ ಸಂಘವಾದ ನಖರದೊಡನೆ ನಾಡನ್ನು ಹೇಳುವ ‘ನಾಡು–ನಖರ’ ಎಂಬ ಜೋಡಿಯಲ್ಲಿ ನಾಡು ಎಂದರೆ ಒಕ್ಕಲುಗಳ ಕೂಟ. ತಮಿಳಿನಲ್ಲಿ ಇಂತಹ ಕೂಟದವರಿಗೆ ‘ನಾಟ್ಟಾರ್’ ಎಂಬ ಹೆಸರಿತ್ತು. ತಲಕಾಡಿನ ಗಂಗರ ಕೆಲವು ತಾಮ್ರಶಾಸನಗಳ ಕೊನೆಯಲ್ಲಿ ಬರುವ ಸಾಕ್ಷಿಗಳ ಪಟ್ಟಿಯಂತೂ ಮನನೀಯವಾದುದು. ಅರಸನು ಕೊಟ್ಟ ದಾನಕ್ಕೆ ತೊಂಬತ್ತಾರು ಸಾವಿರ ವಿಷಯದ ಪ್ರಕೃತಿಗಳು ಅಂದರೆ ಪ್ರಜಾಮುಖ್ಯರು ಸಾಕ್ಷಿಗಳೆಂದು ಅಲ್ಲಿ ಹೇಳಿದೆ. ಕೊಟ್ಟವನು ಅರಸನಾದರೂ ಕೊಟ್ಟದ್ದನ್ನು ಉಳಿಸಿಕೊಂಡು ಹೋಗಬೇಕಾದವರು ನಾಡಿನವರು ಎಂಬ ತಿಳಿವಳಿಕೆ ಅದರಲ್ಲಿದೆ.

ನಾಡು ಅರಸರ ಸೃಷ್ಟಿಯಾಗಿದ್ದರೆ ಅರಸುವಂಶ ಬದಲಾದಂತೆಲ್ಲ ಅದೂ ಬದಲಾಗಬೇಕಾಗಿತ್ತು. ಹಾಗಾಗಲಿಲ್ಲವೆಂಬುದಕ್ಕೆ ತರ್ದವಾಡಿ ೧೦೦೦ ಉತ್ತಮ ನಿದರ್ಶನ. ಭೀಮಾತೀರದ ಇಂದಿನ ತದ್ದೇವಾಡಿಯೇ ಈ ನಾಡಿಗೆ ಹೆಸರು ಕೊಟ್ಟ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಈ ನಾಡನ್ನು ಪಡೆದಿದ್ದ ಇಮ್ಮಡಿ ತೈಲಪನು ೯೭೩ರಲ್ಲಿ ರಾಷ್ಟ್ರಕೂಟರನ್ನೇ ಕಿತ್ತು ಚಾಲುಕ್ಯ ರಾಜ್ಯವನ್ನು ಮರಳಿ ಕಟ್ಟಿದನು. ಮುಂದೆ ಅದೇ ಚಾಲುಕ್ಯರ ಮಾಂಡಲಿಕನಾಗಿ ತರ್ದವಾಡಿಯನ್ನು ಆಳಿದವನು ಕಲಚುರಿ ಪೆರ್ಮಾಡಿ. ಅವನ ಮಗ ಬಿಜ್ಜಳನು ಚಾಲುಕ್ಯರಿಂದ ಕಲ್ಯಾಣವನ್ನು ಕಸಿದುಕೊಂಡನು. ಅನಂತರ ಸೇಉಣರು ಬಂದರು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸೇಉಣ ಕನ್ನರನ ಕಾಲದ, ೧೨೬೦ರ ಶಾಸನವಿದೆ. ಬಸವಣ್ಣನವರನ್ನು ಹೆಸರಿಸುವ ಪ್ರಾಚೀನ ಶಾಸನಗಳಲ್ಲಿ ಅತ್ಯಂತ ಪ್ರಮುಖವಾದ ಇದು ಅವರ ತಂದೆ ಮಾದಿರಾಜನನ್ನು ತರ್ದವಾಡಿಯ ನಡುವಿನ ಬಾಗೆವಾಡಿಯವನೆಂದು ಪರಿಚಯಿಸುತ್ತದೆ. ನಾಲ್ಕು ರಾಜವಂಶಗಳು ಬಂದು ಹೋದ ಸುಮಾರು ಮೂರು ಶತಮಾನಗಳ ಅವಧಿಯಲ್ಲಿ ತರ್ದವಾಡಿ ತರ್ದವಾಡಿಯಾಗಿಯೇ ಉಳಿಯಿತು. ಬಸವಣ್ಣನವರ ಮನೆತನವನ್ನು ಗುರುತಿಸಲು ಶಾಸನಕಾರನು ಯಾವ ಚಕ್ರವರ್ತಿಯ ಹೆಸರನ್ನೂ ಆಶ್ರಯಿಸಲಿಲ್ಲ. ನಾಡನ್ನೂ ಊರನ್ನೂ ಹೇಳಿದನು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ೧೧ನೆಯ ಶತಮಾನದ ಆದಿಯಲ್ಲಿ ಗಂಗವಾಡಿಯನ್ನು ಗೆದ್ದ ಚೋಳರು ಅದಕ್ಕೆ ಮುಡಿಕೊಂಡಚೋಳಮಂಡಲವೆಂದೂ ನೊಳಂಬವಾಡಿಗೆ ನಿಗರಿಲಿಚೋಳಮಂಡಲವೆಂದೂ ತಲಕಾಡಿಗೆ ರಾಜರಾಜಪುರವೆಂದೂ ಹೊಸ ಹೆಸರುಗಳನ್ನಿಟ್ಟರು. ಈ ಹೆಸರುಗಳು ಇಂದು ಶಾಸನಸಂಪುಟಗಳಲ್ಲಿ ಮಾತ್ರ ಉಳಿದಿವೆ. ಅದೇ ಚೋಳರ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕನಾಡೆಂದು ಕಾಣಿಸಿಕೊಳ್ಳುವ ಯಲಹಂಕನಾಡಾದರೋ ಚೋಳರನ್ನೂ ಹೊಯ್ಸಳರನ್ನೂ ದಾಟಿ ವಿಜಯನಗರದ ಕಾಲಕ್ಕೆ ಬಂದಿತು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳೆಂದೇ ಪ್ರಸಿದ್ಧರು. ಅರಸರು ಮೇಲಿನಿಂದ ಇಟ್ಟ ಹೆಸರು ಅಳಿದು, ನೆಲದಲ್ಲಿದ್ದ ಹೆಸರು ಉಳಿಯಿತು.

ತಮಿಳುನಾಡಿನ ಸಂದರ್ಭದಲ್ಲಿ ಈ ವಿಷಯವನ್ನು ಕ್ರಮಬದ್ಧವಾಗಿ ಶೋಧಿಸಿದವರು ವೈ. ಸುಬ್ಬರಾಯಲು. ಚೋಳನಾಡಿನ ರಾಜಕೀಯ ಭೂಗೋಳವನ್ನು ಕುರಿತು ೧೯೭೩ರಲ್ಲಿ ಪ್ರಕಟವಾದ ಅವರ ಗ್ರಂಥವು ಶಾಸನಗಳಲ್ಲಿ ಬರುವ ಊರುಗಳನ್ನು ಗುರುತಿಸಿ, ನಾಡುಗಳ ನಕ್ಷೆಗಳನ್ನು ರಚಿಸಿತು. ನಾಡುಗಳ ಗಾತ್ರ ಒಂದರಂತೆ ಒಂದಿರಲಿಲ್ಲ. ಅವುಗಳ ಎಲ್ಲೆಗಳು ಅಂಕುಡೊಂಕಾಗಿದ್ದವು. ಅನೇಕ ಕಡೆ ನದಿಯ ಎರಡು ದಡಗಳ ಊರುಗಳೂ ಒಂದೇ ನಾಡಿಗೆ ಸೇರಿದ್ದವು. ಅಧಿಕಾರಿಗಳು ಕುಳಿತು ಗೆರೆ ಎಳೆದಿದ್ದರೆ ಹೀಗಿರಲು ಸಾಧ್ಯವಿರಲಿಲ್ಲ. ಒಕ್ಕಲುತನದ ಊರುಗಳು ಒಂದರ ಪಕ್ಕದಲ್ಲಿ ಒಂದು ಬೆಳೆದು ತಾವಾಗಿ ಗುಂಪುಗೂಡಿದ ನೆಲೆಗಳೇ ನಾಡುಗಳೆಂಬ ನಿರ್ಣಯಕ್ಕೆ ಆ ನಕ್ಷೆಗಳು ಆಧಾರವಾದವು. ದೊಡ್ಡ ರಾಜರು ಈ ನಾಡುಗಳನ್ನು ಒಟ್ಟುಗೂಡಿಸಿ ‘ವಳನಾಡು’ಗಳನ್ನು ಮಾಡಿ ಅವಕ್ಕೆ ತಮ್ಮ ಬಿರುದುಗಳನ್ನಿಟ್ಟರು. ಕನ್ನಡದ ನೆಲದಲ್ಲಿಯೂ ನಾಡುಗಳನ್ನು ಈ ರೀತಿ ಊರೂರಾಗಿ ಗುರುತಿಸಿ ನೋಡಿದರೆ ಅನೇಕ ವಿಷಯಗಳು ಬೆಳಕಿಗೆ ಬರುವುದರಲ್ಲಿ ಸಂದೇಹವಿ‌ಲ್ಲ.

ಶರಣಚರಿತ್ರೆಯ ಅಭ್ಯಾಸಿಗಳಿಗೆ ಈ ವಿವೇಚನೆಯಿಂದ ಒಂದು ವಿಶೇಷ ಪ್ರಯೋಜನವುಂಟು. ೧೨ನೆಯ ಶತಮಾನದ ಶರಣರೆಲ್ಲರೂ ಒಂದು ನಾಡಿನವರಲ್ಲ. ಬಸವಣ್ಣನವರು ತರ್ದವಾಡಿಯವರು, ಅಲ್ಲಮಪ್ರಭುಗಳು ಬನವಾಸಿ ೧೨೦೦೦ದ ಬಳ್ಳಿಗಾವೆಯವರು, ಅಕ್ಕಮಹಾದೇವಿಯ ಉಡುತಡಿಯೂ ಆ ಪರಿಸರದ್ದೇ, ಸಿದ್ಧರಾಮರು ಸೊನ್ನಲಿಗೆಯವರು. ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯನ ಚರಿತ್ರೆಯೂ ಆಳಂದೆಯಲ್ಲಿ ಆರಂಭವಾಗಿ, ಪುಲಿಗೆರೆಯನ್ನು ಹಾದು, ಅಬ್ಬಲೂರಿನಲ್ಲಿ ನೆಲೆಗೊಳ್ಳುತ್ತದೆ. ನಾಡು ನೆಲಸಿದವರದು, ಅಲ್ಲಿ ಮನುಷ್ಯನ ಗುರುತು ಅವನ ಊರು, ಮನೆತನ, ಒಕ್ಕಲು. ಆ ಕಾಲದಲ್ಲಿ ನಾಡನ್ನು ಬಿಟ್ಟು ಹೊರಡುವುದೆಂದರೆ ತನ್ನ ಗುರುತನ್ನೇ ಬಿಟ್ಟು ಹೊರಡುವುದು. ನಾನಾ ನಾಡುಗಳಿಂದ ಹಾಗೆ ಹೊರಟು ಬಂದವರು ಕಲ್ಯಾಣದಲ್ಲಿ ಕೂಡಿದರೆಂಬುದನ್ನು ನಾಡು ಎಂಬ ಪದದ ಆ ಕಾಲದ ತೂಕವನ್ನರಿತು ಓದಿದಾಗ ಮಾತ್ರ ಅವರ ತ್ಯಾಗದ ಪ್ರಮಾಣ ತಿಳಿಯುತ್ತದೆ. ಅರಸನ ನೆಲೆವೀಡಾಗಿದ್ದ ಊರು ಶರಣರ ನೆಲೆಯಾಗಿ ಜನಮನದಲ್ಲಿ ಉಳಿದದ್ದು ಅವರು ಅಲ್ಲಿ ನೆಟ್ಟದ್ದರ ಫಲ.

ವಿಜಯನಗರದ ಕಾಲಕ್ಕೆ ರಾಜ್ಯ, ಸೀಮೆ, ಸ್ಥಳ ಎಂಬ ವಿಭಾಗಗಳು ಪ್ರಬಲವಾಗಿ ನಾಡು ಹಿಂದೆ ಸರಿಯತೊಡಗಿತು. ಅನಂತರ ಪರಗಣ, ತಾಲ್ಲೂಕು, ಹೋಬಳಿಗಳು ಬಂದವು. ಆದರೂ ಪದ ಅಧಿಕಾರದ ಹೆಸರುಗಳಲ್ಲಿ ಉಳಿಯಿತು. ನಾಡಿನ ಮುಖ್ಯಸ್ಥ ನಾಡಗೌಡನಾದರೆ ಲೆಕ್ಕಪತ್ರ ನೋಡುವವನು ನಾಡಿಗ ಅಥವಾ ನಾಡಕರಣಿ. ಮರಾಠಿಯ ಪ್ರಭಾವವಿದ್ದ ಉತ್ತರ ಭಾಗದಲ್ಲಿ ಇವೇ ಸ್ಥಾನಗಳಿಗೆ ದೇಶಮುಖ, ದೇಶಪಾಂಡೆ ಎಂಬ ಹೆಸರುಗಳು ಬಂದವು. ಅಲ್ಲಿಯ ‘ದೇಶ’ ಇಲ್ಲಿಯ ‘ನಾಡು’ ಎಂಬುದನ್ನು ಗಮನಿಸಿದರೆ ಎರಡು ಭಾಷೆಗಳ ಆಡಳಿತಪದಗಳ ಸಮಾನತೆ ಮನದಟ್ಟಾಗುತ್ತದೆ.

ನಾಡು ಹೆಸರಾಗಿ ಮಾತ್ರವಲ್ಲದೆ ವ್ಯವಸ್ಥೆಯಾಗಿಯೂ ಬಹುಕಾಲ ಉಳಿದದ್ದು ಕೊಡಗಿನಲ್ಲಿ. ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂಬುದು ಅಲ್ಲಿಯ ಸಾಂಪ್ರದಾಯಿಕ ವಿಭಾಗ. ಊರಿಗೆ ಊರುತಕ್ಕ, ನಾಡಿಗೆ ನಾಡುತಕ್ಕ ಎಂಬ ಹಿರಿಯರು ಅಲ್ಲಿದ್ದರು. ಹಾಲೇರಿ ಮನೆತನದ ವೀರಶೈವ ಅರಸರು ಸುಮಾರು ಎರಡು ಶತಮಾನಗಳ ಕಾಲ ಕೊಡಗನ್ನು ಆಳಿದಾಗಲೂ ಈ ನಾಡುಗಳನ್ನು ಅಳಿಸಲಿಲ್ಲ. ದೊಡ್ಡವೀರರಾಜೇಂದ್ರನು ೧೭೯೨ರಿಂದ ೧೭೯೪ರ ಅವಧಿಯಲ್ಲಿ ಕಕ್ಕಬ್ಬೆಯ ಬಳಿ ಕಟ್ಟಿಸಿದ ಅರಮನೆಯೂ ನಾಲ್ಕುನಾಡು ಅರಮನೆಯೆಂದೇ ಹೆಸರಾಯಿತು. ಅರಮನೆಗೆ ನಾಡಿನ ಹೆಸರು ಬಂದಿತೇ ಹೊರತು ನಾಡಿಗೆ ಅರಮನೆಯ ಹೆಸರು ಬರಲಿಲ್ಲ. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆಯೂ ಅಲ್ಲಿಯ ತಾಲ್ಲೂಕುಗಳ ಒಳವಿಭಾಗಗಳಿಗೆ ನಾಡು ಎಂಬ ಹೆಸರೇ ಮುಂದುವರಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಪದ ಮತ್ತೆ ಮೇಲಕ್ಕೆ ಬಂದಿತು. ಮದರಾಸು ರಾಜ್ಯ ೧೯೬೯ರಲ್ಲಿ ತಮಿಳುನಾಡಾಯಿತು. ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಾಳಿದಾಗ ‘ನಾಟ’ವೆಂಬ ವೇಷದಲ್ಲಿ ಅದೇ ಪದ ಮರಳಿತು. ಶಾಸನಗಳ ಬಯಲ್ನಾಡು ೧೯೮೦ರಲ್ಲಿ ಕೇರಳದ ವಯನಾಡು ಜಿಲ್ಲೆಯಾಯಿತು. ಆಂಧ್ರಪ್ರದೇಶದಲ್ಲಿ ೨೦೨೨ರಲ್ಲಿ ಪಲ್ನಾಡು ಎಂಬ ಜಿಲ್ಲೆ ರಚಿತವಾಯಿತು. ಆಡಳಿತದವರು ಹೊಸ ಹೆಸರಿಗಾಗಿ ಹುಡುಕುವಾಗ ಹಳೆಯ ನಾಡಿನ ಬಾಗಿಲಿಗೇ ಬರುತ್ತಾರೆ.

ಜನರ ಮಾತಿನಲ್ಲಿ ಪದ ಇನ್ನೂ ಆಳವಾಗಿ ಇಳಿದಿದೆ. ನಾಟಿ ಹಸು, ನಾಟಿ ಕೋಳಿ, ನಾಟಿ ಔಷಧಿ ಎಂದು ದಕ್ಷಿಣ ಕರ್ನಾಟಕದವರು ಹೇಳುವ ‘ನಾಟಿ’ ಭತ್ತದ ನಾಟಿಯಲ್ಲ. ಅದು ನಾಡು ಎಂಬುದರ ಪ್ರತ್ಯಯಪೂರ್ವರೂಪವಾಗಿ ತಮಿಳಿನಲ್ಲಿರುವ ‘ನಾಟ್ಟು’ ಎಂಬುದರಿಂದ ಬಂದುದು. ಉತ್ತರ ಕರ್ನಾಟಕದವರು ಜವಾರಿ ಎನ್ನುವುದನ್ನೇ ದಕ್ಷಿಣದವರು ನಾಟಿ ಎನ್ನುತ್ತಾರೆ. ಹಳೆಯ ಕಾವ್ಯಗಳಲ್ಲಿ ಬರುವ ‘ನಾಡಾಡಿ’ ಎಂಬ ಪದಕ್ಕೆ ಸಾಧಾರಣ, ಸರ್ವಸಾಮಾನ್ಯ ಎಂಬ ಅರ್ಥ. ನಾಡಿನಲ್ಲೆಲ್ಲ ಕಾಣುವಂಥದು ಎಂಬುದೇ ಅದರ ಭಾವ. ಅರಮನೆಗೆ ಸೇರಿದುದು ಅಸಾಧಾರಣ, ನಾಡಿಗೆ ಸೇರಿದುದು ಸಾಧಾರಣ ಎಂಬ ಲೆಕ್ಕ ಅದರ ಹಿಂದಿದೆ.

ಹೀಗೆ ನೆಟ್ಟ ನೆಲ, ನೆಟ್ಟವರ ಊರುಗಳ ಗುಂಪು, ಆ ಊರುಗಳವರ ಸಭೆ, ಅರಸನು ಅಂಗೀಕರಿಸಿದ ವಿಭಾಗ, ಒಂದು ನುಡಿಯನ್ನಾಡುವವರ ಭೂಮಿ, ಕೊನೆಗೆ ರಾಜ್ಯ ಎಂದು ನಾಡಿನ ಅರ್ಥ ಕೆಳಗಿನಿಂದ ಮೇಲಕ್ಕೆ ಬೆಳೆದು ಬಂದಿದೆ. ಮೇಲಿನ ಅರ್ಥ ಬಂದಾಗ ಕೆಳಗಿನದು ಸಾಯಲಿಲ್ಲ. ಎಲ್ಲವೂ ಇಂದಿಗೂ ಒಟ್ಟಿಗೆ ಬಾಳುತ್ತಿವೆ. ಶಾಸನದಲ್ಲಿ ನಾಡೊಂದರ ಹೆಸರು ಎದುರಾದಾಗ ಅದನ್ನು ಆಳಿದವರು ಯಾರು ಎಂಬ ಪ್ರಶ್ನೆಯ ಜೊತೆಗೆ ಅದನ್ನು ಉತ್ತವರು ಯಾರು, ಅಲ್ಲಿ ನೆರೆದವರು ಯಾರು, ಅದರ ಊರುಗಳು ಯಾವುವು ಎಂಬ ಪ್ರಶ್ನೆಗಳನ್ನೂ ಕೇಳುವುದು ಚರಿತ್ರೆಯ ಅಭ್ಯಾಸಿಯ ಕರ್ತವ್ಯ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಹೊಲದ ಹೆಸರುಗಳು, ಕೆರೆಯ ಹೆಸರುಗಳು, ಹಾಳೂರುಗಳ ನೆನಪುಗಳು ಹಳ್ಳಿಯ ಹಿರಿಯರ ಬಾಯಲ್ಲಿ ಇನ್ನೂ ಇವೆ. ಅವರೊಡನೆ ಅವು ಮರೆಯಾಗುವ ಮೊದಲು ಬರಹಕ್ಕಿಳಿಯಬೇಕಾಗಿದೆ. ರಾಜ್ಯದ ಚರಿತ್ರೆಗೆ ಅರಸರ ಶಾಸನಗಳು ಸಾಕಾದಾವು. ನಾಡಿನ ಚರಿತ್ರೆಗೆ ಅವು ಸಾಲವು. ಏಕೆಂದರೆ ಅದನ್ನು ನೆಟ್ಟವರು ಬೇರೆ.